ಹದಿನೇಳನೆಯ ಲಕೋಟೆಯ ಮುಖ

ನನ್ನ ನಾಣ್ಯಗಳ ಪೆಟ್ಟಿಗೆಯಲ್ಲಿ ನಲವತ್ತೊಂದು ಲಕೋಟೆಗಳಿವೆ. ನಲವತ್ತರಲ್ಲಿ ನಾಣ್ಯಗಳಿವೆ, ಹದಿನೇಳನೆಯದು ಮಾತ್ರ ಖಾಲಿ. ಅದರೊಳಗೆ ಇರಬೇಕಾಗಿದ್ದದ್ದು ನಲವತ್ತಾರು ವರ್ಷ ನಮ್ಮ ಹೊಸಪೇಟೆ ಮನೆಯ ದೇವರ ಜಗುಲಿಯ ಪಕ್ಕದ ಮೊಳೆಗೆ ಕರಿದಾರದಲ್ಲಿ ತೂಗುತ್ತಿತ್ತು. ನನ್ನ ಲೆಕ್ಕದಲ್ಲಿ ಅದು ಸಿರಿಯಾ ಸೀಮೆಯಲ್ಲಿ ಟಂಕಿಸಿದ, ರೋಮನ್ನರ ಕಾಲದ ಒಂದು ಬೆಳ್ಳಿ ನಾಣ್ಯ. ಮನೆಯ ಉಳಿದವರ ಪಾಲಿಗೆ ಅದು ನನ್ನ ಗಂಡನ ಮೊದಲ ಹೆಂಡತಿಯ ಮುಖ.

ಈ ವರ್ಷ ನನ್ನ ಕಣ್ಣು ಸೋತವು. ಲೆನ್ಸ್ ಹಿಡಿದರೂ ಅಕ್ಷರಗಳು ಹುಳುಗಳ ಹಾಗೆ ಹರಿದಾಡುತ್ತವೆ. ಹೀಗಾಗಿ ಸಂಗ್ರಹವನ್ನೆಲ್ಲ ಲಕೋಟೆ, ಪಟ್ಟಿಗಳ ಸಮೇತ ಒಂದು ಮ್ಯೂಸಿಯಮ್ಮಿಗೆ ಕೊಟ್ಟುಬಿಡುವುದೆಂದು ತೀರ್ಮಾನಿಸಿದೆ. ಸುದ್ದಿ ಕೇಳಿದ ಮಗಳು ಕಂಪ್ಲಿಯಿಂದ ಫೋನ್ ಮಾಡಿದಳು. ಮಗಳೆಂದರೆ ನಾನು ಹೆತ್ತವಳಲ್ಲ, ಆ ಮೊದಲ ಹೆಂಡತಿಯ ಮಗಳು. ಅವಳಿಗೀಗ ಐವತ್ತೊಂದು. ಉಳಿದದ್ದು ಯಾರಿಗಾದರೂ ಕೊಡು, ನಮ್ಮವ್ವನ ಮುಖ ಮಾತ್ರ ನನಗೆ ಬೇಕು, ನಮ್ಮ ಮನೆ ಜಗುಲಿಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದಳು. ತಾಯಿಯದೆಂದು ಅವಳಿಗೆ ಉಳಿದಿದ್ದು ಅದೊಂದೇ. ಅದು ಅವಳ ತಾಯಿಯ ಮುಖವಲ್ಲ ಎಂದು ಬಲ್ಲವಳು ನಾನೊಬ್ಬಳೇ. ಆದರೆ ಪಟ್ಟಿ ಮ್ಯೂಸಿಯಮ್ಮಿಗೆ ಹೋದರೆ ನಾಳೆ ಯಾರೋ ಅಪರಿಚಿತರು ಹದಿನೇಳನೆಯದು ಎಲ್ಲಿ ಎಂದು ಅವಳನ್ನೇ ಕೇಳುತ್ತಾರೆ. ಅವರ ಬಾಯಿಂದ ಕೇಳಿಸಿಕೊಳ್ಳುವ ಬದಲು ನನ್ನ ಬಾಯಿಂದ ಕೇಳಲಿ ಎಂದುಕೊಂಡೆ. ಹಾಗೆಂದುಕೊಂಡೂ ಎರಡು ತಿಂಗಳು ಸುಮ್ಮನಿದ್ದೆ.

ನಾಣ್ಯದ ಹುಚ್ಚು ನನಗೆ ಹತ್ತಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ನಮಗೆ ಹಿಸ್ಟರಿ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಐದಾರು ಹಳೆಯ ಬೆಳ್ಳಿ ನಾಣ್ಯಗಳನ್ನು ಇಟ್ಟುಕೊಂಡಿದ್ದರು. ರೋಮಿನ ನಾಣ್ಯ ಎಂದರೆ ಎಲ್ಲವೂ ರೋಮ್ ಪಟ್ಟಣದಲ್ಲೇ ಹೊಡೆದದ್ದಲ್ಲ, ಅವರು ಆಳುತ್ತಿದ್ದ ದೂರದ ಸೀಮೆಗಳಲ್ಲೂ, ಸಿರಿಯಾದಲ್ಲಿ, ಈಜಿಪ್ಟಿನಲ್ಲಿ, ಅಲ್ಲಿಯವರ ಕೈಯಲ್ಲೇ ನಾಣ್ಯ ಹೊಡೆಸುತ್ತಿದ್ದರು, ಅವುಗಳ ಮೇಲೆ ಗ್ರೀಕ್ ಅಕ್ಷರ ಇರುತ್ತದೆ ಎಂದು ತೋರಿಸಿದವರು ಅವರೇ. ಪ್ರಾವಿನ್ಶಿಯಲ್ ಸಿಲ್ವರ್ ಎಂಬ ಎರಡು ಶಬ್ದ ಅಂದೇ ನನ್ನ ನಾಲಿಗೆಗೆ ರುಚಿ ಹತ್ತಿದವು. ರಾಜಧಾನಿಯ ನಾಣ್ಯದ ಮೇಲಿನ ಮುಖಗಳು ಒಂದೇ ಅಚ್ಚು. ಪ್ರಾಂತ್ಯದವುಗಳ ಮೇಲೆ ರಾಜನನ್ನು ಎಂದೂ ಕಾಣದ ಅಕ್ಕಸಾಲಿಗ ತನ್ನ ಊರಿನ ಯಾರದೋ ಮೂಗು, ಯಾರದೋ ಗಲ್ಲ ಕೆತ್ತಿಬಿಡುತ್ತಿದ್ದ. ಆ ಮುಖಗಳು ಯಾರವು ಎಂದು ಈಗ ಹೇಳುವವರಿಲ್ಲ.

ಸಿಸ್ಟರ್ ಎರಡು ಶಿಸ್ತು ಕಲಿಸಿದರು. ಅಂಚು ಹಿಡಿ, ಮುಖಕ್ಕೆ ಬೆರಳು ತಾಗಿಸಬೇಡ. ಇನ್ನೊಂದು, ಪ್ರತಿ ನಾಣ್ಯಕ್ಕೆ ದಪ್ಪ ಕಾಗದದ ಲಕೋಟೆ ಮಾಡಿ, ಮೇಲೆ ತೆಳು ಹಾಳೆಯಲ್ಲಿ ಪೆನ್ಸಿಲ್ ತೀಡಿ ತೆಗೆದ ಅಚ್ಚು ಅಂಟಿಸು, ಪಕ್ಕದಲ್ಲಿ ವಿವರ ಬರೆ, ಬರೆಯುವಾಗ ದೋಷಗಳನ್ನು ಮೊದಲು ಬರೆ. ಗುಣ ಹೇಗೂ ಕಾಣುತ್ತದೆ, ದೋಷ ಮರೆಯಲು ಮನಸ್ಸು ಕಾಯುತ್ತಿರುತ್ತದೆ ಎನ್ನುತ್ತಿದ್ದರು. ಲಕೋಟೆಗಳ ವಿಷಯದಲ್ಲಿ ನಾನು ಆ ಮಾತನ್ನು ಒಮ್ಮೆಯೂ ಮೀರಲಿಲ್ಲ. ಬದುಕಿನ ವಿಷಯ ಬೇರೆ.

ಹದಿನೇಳನೆಯದು ಸಿಕ್ಕಿದ್ದು ಸಂಡೂರಿನಲ್ಲಿ. ಆಗ ನನಗೆ ಇಪ್ಪತ್ತೇಳು, ಅಲ್ಲಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಗಣಿಯ ಕೆಂಧೂಳು ನನ್ನ ಬಿಳಿ ಸೀರೆಗಳನ್ನೆಲ್ಲ ಗುಲಾಬಿ ಮಾಡಿದ ಕಾಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಒಂದು ಬೆಳ್ಳಿ ಅಂಗಡಿಗೆ ಹೋಗಿ ಕೂಡುತ್ತಿದ್ದೆ. ಅಂಗಡಿಯವರು ಕರಗಿಸಲೆಂದು ಕೊಂಡ ಮುರುಕು ಬೆಳ್ಳಿಯನ್ನು ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದರು, ನನಗೆ ಅದನ್ನು ಕೆದಕಲು ಬಿಡುತ್ತಿದ್ದರು. ಸಾಮಾನ್ಯವಾಗಿ ಬ್ರಿಟಿಷರ ಕಾಲದ ರೂಪಾಯಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಅಂದು ಒಂದು ಜೊತೆ ಕಾಲುಂಗುರ, ತುಂಡಾದ ಉಡಿದಾರ, ಅವುಗಳ ನಡುವೆ ಕಪ್ಪಿಟ್ಟ ಒಂದು ದಪ್ಪ ಬಿಲ್ಲೆ. ಹಳೆಯ ರೂಪಾಯಿಯಷ್ಟು ಅಗಲ. ಒಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ತಿರುಗಿಸಿದೆ. ಇನ್ನೊಂದು ಕಡೆ ಒಬ್ಬ ಹೆಂಗಸು, ಪಕ್ಕನೋಟದಲ್ಲಿ, ಬಲಕ್ಕೆ ಮುಖ ಮಾಡಿ. ಅಲೆಅಲೆಯಾಗಿ ಬಾಚಿದ ಕೂದಲು ಕಿವಿ ಮುಚ್ಚಿ ಇಳಿದು ಹಿಂದೆ ದೊಡ್ಡ ತುರುಬಾಗಿತ್ತು. ಸುತ್ತ ಗ್ರೀಕ್ ಅಕ್ಷರ. ಅಂಚು ಹಿಡಿದು ಅದನ್ನು ಬಾಗಿಲ ಬೆಳಕಿಗೆ ಒಯ್ದೆ.

ಅಂಗಡಿಯವರು ಹೇಳಿದರು, "ಅದು ಚೋರನೂರು ಕಡೀದ್ರಿ ಮೇಡಮ್ಮಾರ. ಸತ್ತಾಕಿ ಬೆಳ್ಳಿ, ತವರಿನವ್ರು ತಂದು ಹಾಕಿ ಹೋದ್ರು. ಒಯ್ಯೂದಿದ್ರ ಒಯ್ರಿ, ಆದ್ರ ತೊಳೀಲಾರದ ಮನ್ಯಾಗ ಇಟ್ಕೋಬ್ಯಾಡ್ರಿ."

ನಾನು ನಕ್ಕೆ. ಪುರಾತನ ನಾಣ್ಯವನ್ನು ತೊಳೆಯುವವರುಂಟೇ. ತೂಕದ ಬೆಲೆಗೆ ಕೊಂಡು, ಕರವಸ್ತ್ರದಲ್ಲಿ ಸುತ್ತಿ ಬಾಡಿಗೆ ಕೋಣೆಗೆ ತಂದೆ. ಅಂದೇ ಪೆನ್ಸಿಲ್ ತೀಡಿ ಅಚ್ಚು ತೆಗೆದೆ. ವಿದೇಶದ ಒಬ್ಬ ನಾಣ್ಯ ವ್ಯಾಪಾರಿಗೆ ಒಂದು ಪ್ರತಿ ಕಳಿಸಿದೆ. ಮೂರು ತಿಂಗಳಿಗೆ ಉತ್ತರ ಬಂತು. ಸಿರಿಯಾ ಪ್ರಾಂತ್ಯದ್ದು, ಮುಖ ಒಬ್ಬ ಚಕ್ರವರ್ತಿಯ ರಾಣಿಯದು, ಸಾವಿರದ ಎಂಟುನೂರು ವರ್ಷ ಹಳೆಯದು. ಆದರೆ ನಿಮ್ಮ ಭಾಗದ ಮಣ್ಣಿನಲ್ಲಿ ರೋಮಿನ ಸ್ವಂತ ನಾಣ್ಯಗಳು ಸಿಗುತ್ತವೆಯೇ ಹೊರತು ಇಂಥವು ಸಿಗುವುದಿಲ್ಲ, ಯಾರೋ ಪ್ರವಾಸಿ ಮಾರಿರಬೇಕು. ಹಂಪಿಗೆ ಬರುತ್ತಿದ್ದ ವಿದೇಶಿಯರು ಕೈ ಖಾಲಿಯಾದಾಗ ಏನೇನೋ ಮಾರುತ್ತಿದ್ದದ್ದು ನನಗೂ ಗೊತ್ತಿತ್ತು, ನನ್ನ ನಾಲ್ಕೈದು ನಾಣ್ಯಗಳು ಬಂದದ್ದೂ ಹಾಗೆಯೇ. ಅಂಗಡಿಯವರು ಕಥೆ ಕಟ್ಟಿದ್ದಾರೆ ಎಂದುಕೊಂಡು ಲಕೋಟೆಯ ಮೇಲೆ ಇಂಗ್ಲಿಷಿನಲ್ಲಿ ಬರೆದೆ: ಚೋರನೂರಿನದು ಎನ್ನುತ್ತಾರೆ, ಡೌಟ್‌ಫುಲ್.

ಎರಡು ವರ್ಷದ ಮೇಲೆ ನನ್ನ ಮದುವೆಯಾಯಿತು. ಅಪ್ಪ ಟಿ.ಬಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿದ್ದರು. ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದವರು ವರ. ಹೆಂಡತಿ ತೀರಿಕೊಂಡು ಮೂರು ವರ್ಷ, ಐದು ವರ್ಷದ ಹೆಣ್ಣು ಮಗು. ನನಗೂ ಇಪ್ಪತ್ತೊಂಬತ್ತಾಗಿತ್ತು, ಆಗಿನ ಕಾಲಕ್ಕೆ ಅದು ಮದುವೆಯ ಮಾತು ನಿಲ್ಲುವ ವಯಸ್ಸು. ಮೊದಲನೆಯವಳ ಬಗ್ಗೆ ನಾನು ಏನೂ ಕೇಳಲಿಲ್ಲ. ಮರ್ಯಾದೆ ಎಂದು ಆಗ ಅಂದುಕೊಂಡಿದ್ದೆ. ಫ್ರಾಂಕ್ಲಿ, ಅದು ಹೊಟ್ಟೆಕಿಚ್ಚು. ಅವಳ ಒಂದೇ ಒಂದು ಫೋಟೊ ಇತ್ತಂತೆ, ಮದುವೆಯದು. ಒಂದು ಮಳೆಗಾಲ ಅದು ಫ್ರೇಮಿನ ಗಾಜಿಗೆ ಅಂಟಿಕೊಂಡಿತು. ಬಿಡಿಸಲು ಹೋದಾಗ ನನ್ನ ಗಂಡನ ಮುಖ ಕಾಗದದ ಮೇಲೆ ಉಳಿಯಿತು, ಅವಳದು ಗಾಜಿನ ಮೇಲೆ ಬಂತು. ಆ ಗಾಜನ್ನು ಅತ್ತೆ ಒಂದು ವರ್ಷ ಗೋಡೆಗೆ ಆನಿಸಿಟ್ಟಿದ್ದರಂತೆ. ಆಮೇಲೆ ಅದೂ ಒಡೆಯಿತು.

ಎರಡನೆಯವಳಾಗಿ ಬಂದ ಹೆಂಗಸು ಸತ್ತ ಮೊದಲನೆಯವಳ ಮುಖವನ್ನು ಬೆಳ್ಳಿಯಲ್ಲಿ ಮಾಡಿಸಿ ಕೊರಳಲ್ಲಿ ಕಟ್ಟಿಕೊಳ್ಳುವುದು ನಮ್ಮ ಅತ್ತೆಯ ಮನೆತನದ ಪದ್ಧತಿ. ಕಟ್ಟಿಕೊಳ್ಳಲು ಆಗದಿದ್ದರೆ ಜಗುಲಿಯ ಹತ್ತಿರವಾದರೂ ತೂಗುಹಾಕಬೇಕು. ಅದಕ್ಕೆ ಹಿರೇಕಿ ಮುಖ, ಅಂದರೆ ಹಿರಿಯವಳ ಮುಖ, ಎನ್ನುತ್ತಿದ್ದರು. ಹೊಸ ಸೀರೆ ಉಡುವ ಮುಂಚೆ, ಹಬ್ಬದ ಊಟದ ಮುಂಚೆ ಆ ಮುಖವನ್ನು ಕೇಳಬೇಕು, ಉಟ್ಟುಕೊಳ್ಳಲೇ, ಉಣ್ಣಲೇ ಎಂದು. ಕೇಳದಿದ್ದರೆ ಹಿರೇಕಿ ಕಾಡುತ್ತಾಳೆ. ನಾನು ಕಾನ್ವೆಂಟಿನಲ್ಲಿ ಓದಿದವಳು, ಇದೆಲ್ಲ ಸೂಪರ್‌ಸ್ಟಿಷನ್ ಎಂದು ಮದುವೆಯಾದ ವಾರವೇ ಹೇಳಿಬಿಟ್ಟೆ. ಗಂಡ ನನ್ನ ಪರವಾಗಿ ಸುಮ್ಮನಾದರು, ಅತ್ತೆ ನನ್ನ ವಿರುದ್ಧವಾಗಿ ಸುಮ್ಮನಾದರು.

ಮೊದಲನೆಯ ವರ್ಷದ ಮಹಾನವಮಿ ಅಮಾವಾಸ್ಯೆ ಬಂತು, ಹಿರಿಯರಿಗೆ ಎಡೆ ಇಡುವ ದಿನ. ನನ್ನ ತಾಯಿಗೆ ಮೈಯಲ್ಲಿ ಸರಿ ಇರಲಿಲ್ಲವೆಂದು ನಾಲ್ಕು ದಿನ ಬಳ್ಳಾರಿಗೆ ಹೋಗಿದ್ದೆ. ತಿರುಗಿ ಬಂದಾಗ ಜಗುಲಿಯ ಪಕ್ಕ ಹೊಸ ಮೊಳೆ. ಮೊಳೆಗೆ ಕರಿದಾರ. ದಾರದ ತುದಿಗೆ ನನ್ನ ಹದಿನೇಳನೆಯ ನಾಣ್ಯ, ತಲೆಯ ಮೇಲೆ ಬೆಸುಗೆ ಹಾಕಿದ ಕೊಂಡಿ, ವಿಭೂತಿಯಿಂದ ತಿಕ್ಕಿ ತಿಕ್ಕಿ ಬೆಳಗಿದ ಮುಖ. ಸಾವಿರದ ಎಂಟುನೂರು ವರ್ಷ ಕೂಡಿಸಿಕೊಂಡ ಕಪ್ಪು ಒಂದು ಮುಂಜಾನೆಯಲ್ಲಿ ಹೋಗಿತ್ತು. ನನ್ನ ಬಟ್ಟೆಯ ಟ್ರಂಕು ಒಪ್ಪ ಮಾಡುವಾಗ ಅತ್ತೆ ಲಕೋಟೆಗಳನ್ನು ಕಂಡಿದ್ದರು. ಎಲ್ಲದರಲ್ಲೂ ಗಂಡಸರ ಮುಖ, ಒಂದರಲ್ಲಿ ಮಾತ್ರ ತುರುಬು ಕಟ್ಟಿದ ಹೆಂಗಸು. ನಾನು ಒಳಗೊಳಗೇ ಅಂಜಿ ಹಿರೇಕಿ ಮುಖ ಮಾಡಿಸಿ, ಹೇಳಿಕೊಳ್ಳಲು ನಾಚಿ ಬಚ್ಚಿಟ್ಟಿದ್ದೇನೆ ಎಂದು ಅವರು ತಿಳಿದರು. ಹಿಂದಿನ ಹದ್ದು ಅವರಿಗೆ ಎಡೆ ಮುಟ್ಟಲು ಬರುವ ಕಾಗೆಯಾಗಿ ಕಂಡಿತ್ತು.

ನಾನು ಕೂಗಾಡಿದೆ. ಬದುಕಿನಲ್ಲಿ ಅಷ್ಟು ಜೋರಾಗಿ ಕೂಗಿದ್ದು ಅದೊಂದೇ ಸಲ. ಇದು ರೋಮಿನ ರಾಣಿ, ನಿಮ್ಮ ಸೊಸೆ ಅಲ್ಲ ಎಂದೆ. ಅತ್ತೆ ಹೋಳಿಗೆಯ ಕಣಕ ನಾದುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಆಕಿದು ಆಕಿಗೆ ಬಂತು," ಎಂದರು. "ನೀ ಯಾಕ ನಡುವ ಬಾಯಿ ಮಾಡ್ತಿ?"

ಅದಕ್ಕೆ ಉತ್ತರ ಕೊಡುವುದರೊಳಗೆ ಮಗು ಓಡಿಬಂತು. ಸ್ಟೂಲಿನ ಮೇಲೆ ಹತ್ತಿ ನಾಣ್ಯವನ್ನು ಎರಡೂ ಕೈಯಲ್ಲಿ ಹಿಡಿದು ಗಲ್ಲಕ್ಕೆ ಒತ್ತಿಕೊಂಡಳು. ಎರಡು ವರ್ಷದವಳಿದ್ದಾಗ ತಾಯಿಯನ್ನು ಕಳೆದುಕೊಂಡವಳು, ಅಜ್ಜಿ ನಾಲ್ಕು ದಿನದಿಂದ ಇದೇ ನಿಮ್ಮವ್ವ ಎಂದು ತೋರಿಸಿದ್ದರು. ನನ್ನನ್ನು ನೋಡಿ, "ಚಿಗವ್ವ, ನಮ್ಮವ್ವ ತಣ್ಣಗದಾಳ," ಎಂದಳು. ನಾನು ಬಾಯಿ ಮುಚ್ಚಿದೆ. ಅಂದು ಮುಚ್ಚಿದ್ದು ಇಷ್ಟು ವರ್ಷ ಮುಚ್ಚಿಯೇ ಇತ್ತು.

ಮುಖವನ್ನು ಹೊಳೆಯಲ್ಲಿ ತೊಳೆದು ತರುವುದು ಬಾಕಿ ಇತ್ತಂತೆ. ಮರುದಿನ ಅತ್ತೆ, ನಾನು, ಮಗು ಹಂಪಿಗೆ ಹೋದೆವು. ಯಾಕೆ ಹೋದೆನೋ. ಮಗುವಿನ ಕೈ ಬಿಡಲು ಮನಸ್ಸಾಗಲಿಲ್ಲ ಅಷ್ಟೇ. ಗುಡಿಯ ಕಡೆಯ ಜನಜಂಗುಳಿ ಬಿಟ್ಟು ಅತ್ತೆ ನಮ್ಮನ್ನು ಕೆಳಗೆ, ಬಂಡೆಗಳ ನಡುವೆ ನೀರು ನಿಂತ ಜಾಗಕ್ಕೆ ಕರೆದೊಯ್ದರು. ಹನ್ನೆರಡರ ಬಿಸಿಲು. ಬಂಡೆಗಳ ನೆರಳೆಲ್ಲ ಬಂಡೆಗಳ ಕೆಳಗೇ ಸೇರಿಹೋಗಿತ್ತು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ಮಗುವಿನ ಅಂಗೈ ಮೇಲೆ ನಾಣ್ಯ ಇಟ್ಟು, ನೀರೊಳಗೆ ಹಿಡಿ ಎಂದರು. ನೀರಿನಡಿ ಆ ಮುಖ ಅಲುಗಾಡಿತು. ನೀರು ಅಲುಗಿದರೆ ಅದರೊಳಗಿನದು ಅಲುಗಿದಂತೆ ಕಾಣುತ್ತದೆ, ಫಿಸಿಕ್ಸ್ ನನಗೂ ಗೊತ್ತು. ಆದರೆ ಮಗು ನೀರಿನ ಕಡೆ ಬಾಗಿ, ಯಾರೋ ಮೆಲ್ಲಗೆ ಮಾತನಾಡಿದರೆ ಕೇಳಿಸಿಕೊಳ್ಳುವ ಹಾಗೆ, ಮುಖವನ್ನು ಎಡಕ್ಕೆ ಹೊರಳಿಸಿ ಬಲಗಿವಿಯನ್ನು ಮುಂದೆ ಮಾಡಿದಳು.

ಅತ್ತೆ ನನ್ನ ಕಡೆ ನೋಡದೆ ಹೇಳಿದರು. "ಅವರವ್ವಗ ಎಡಗಿವಿ ಕೇಳ್ತಿದ್ದಿಲ್ಲ. ಯಾರು ಮಾತಾಡ್ಸಿದ್ರೂ ಹಿಂಗ ಹೊಳ್ಳಿ ನಿಲ್ಲಾಕಿ. ಆಕಿ ಮುಖ ನಾವು ಯಾರೂ ನೆಟ್ಟಗ ನೋಡಿದ್ದಿಲ್ಲ ಬಿಡು, ಈ ಕಡೀದ ನೋಡಿದ್ದು."

ಮಗುವಿನ ಎರಡೂ ಕಿವಿ ಚೆನ್ನಾಗಿದ್ದವು. ಆಮೇಲೆ ನಾನೇ ಡಾಕ್ಟರಿಗೆ ತೋರಿಸಿದೆ.

ತಿರುಗಿ ಬರುವಾಗ ಬಸ್ಸು ತುಂಬಿತ್ತು. ಅತ್ತೆ ಹೇಗೋ ಸೀಟು ಹಿಡಿದು, ಕಂಡಕ್ಟರಿಗೆ ಮೂರು ಫುಲ್, ಒಂದು ಹಾಫ್ ಎಂದರು. ಎರಡು ಫುಲ್ ಅಲ್ಲವೇ ಎಂದು ಕಂಡಕ್ಟರ್ ಕೇಳಿದರು. ಅತ್ತೆ ಪಕ್ಕದ ಜಾಗದಲ್ಲಿ ತಮ್ಮ ಟವೆಲ್ ಹಾಸಿ, ಅದರ ಮೇಲೆ ನಾಣ್ಯ ಇಟ್ಟು, "ನಮ್ಮ ಹಿರೇಕಿ ಕುಂತಾಳ್ರೀ, ಮನೀಗೆ ಕರ್ಕೊಂಡು ಹೊಂಟೀವಿ," ಎಂದರು. ನಾನು ನಾಚಿಕೆಯಿಂದ ಕಿಟಕಿಯ ಹೊರಗೆ ನೋಡಿದೆ. ಯಾರಾದರೂ ನಗುತ್ತಾರೆ, ಬೈಯುತ್ತಾರೆ ಎಂದು ಕಾದೆ. ಕಂಡಕ್ಟರ್ ಮಾತಿಲ್ಲದೆ ಮೂರನೆಯ ಟಿಕೇಟು ಹರಿದುಕೊಟ್ಟರು. ಹೊಸಪೇಟೆ ಮುಟ್ಟುವವರೆಗೆ ಹತ್ತು ಹನ್ನೆರಡು ಜನ ಜೋತುಬಿದ್ದು ನಿಂತಿದ್ದರು, ಒಬ್ಬರೂ ಆ ಜಾಗದಲ್ಲಿ ಕೂಡಲಿಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗ ನಿಂತವರು ಆ ಟವೆಲ್ಲಿಗೆ ತಾಗದಂತೆ ಮೈ ಹಿಡಿದುಕೊಳ್ಳುತ್ತಿದ್ದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಮೂವತ್ತು ವರ್ಷ ಕ್ಲಾಸಿನಲ್ಲಿ ಮಕ್ಕಳಿಗೆ ಸೈಲೆನ್ಸ್ ಎಂದು ಹೇಳಿದ್ದೇನೆ, ಅಂಥ ಸೈಲೆನ್ಸ್ ಎಲ್ಲೂ ಕಾಣಲಿಲ್ಲ.

ಮಗುವನ್ನು ಬೇಸಿಗೆಯ ರಜೆಗೆ ಅವಳ ತಾಯಿಯ ತವರಿಗೆ ಕಳಿಸುವ ಮಾತು ಬಂದಾಗ ನನಗೆ ಗೊತ್ತಾಯಿತು, ಆ ತವರು ಚೋರನೂರು. ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟೆ. ಚೋರನೂರಿನಲ್ಲಿ ಎಷ್ಟೋ ಮನೆಗಳಿವೆ, ಎಷ್ಟೋ ಹೆಂಗಸರು ಸಾಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಅಲ್ಲದೆ ನಾನಾಗಲೇ ಡೌಟ್‌ಫುಲ್ ಎಂದು ಬರೆದಾಗಿತ್ತು. ಬರೆದದ್ದನ್ನು ತಿದ್ದುವುದು ಓದಿದವರಿಗೆ ಬಲು ಕಷ್ಟ.

ಹಿರೇಕಿಯನ್ನು ಕೇಳಿ ಸೀರೆ ಉಡುವ ಪದ್ಧತಿಗೆ ನಾನು ಒಪ್ಪಲೇ ಇಲ್ಲ. ಎಲ್ಲರೆದುರು ಒಪ್ಪಲಿಲ್ಲ ಎನ್ನಬೇಕು. ಮಧ್ಯಾಹ್ನ ಗಂಡ ಆಫೀಸಿನಲ್ಲಿ, ಅತ್ತೆ ನಿದ್ದೆಯಲ್ಲಿ, ಮಗು ಶಾಲೆಯಲ್ಲಿದ್ದಾಗ ಮನೆಯಲ್ಲಿ ನಾನೂ ಆ ಮುಖವೂ ಇಬ್ಬರೇ. ಅವಳು ಪಕ್ಕಕ್ಕೆ ತಿರುಗಿ ಕೂತಿರುವುದು ಯಾರಾದರೂ ಮಾತನಾಡಲಿ ಎಂದು ಕಾದಂತೆ ಇರುತ್ತಿತ್ತು. ಒಂದು ದಿನ ಹೊಸ ನೀಲಿ ಸೀರೆ ಉಟ್ಟವಳು ಜಗುಲಿಯ ಮುಂದೆ ಹಾಯುವಾಗ ಕಾಲು ನಿಂತಿತು. ಯಾರಿಗೂ ತಿಳಿಯದಿರಲಿ ಎಂದು ಇಂಗ್ಲಿಷಿನಲ್ಲಿ ಅಂದೆ, ಐ ಆ್ಯಮ್ ವೇರಿಂಗ್ ದ ಬ್ಲೂ ಒನ್ ಟುಡೇ. ಇಫ್ ಯು ಡೋಂಟ್ ಮೈಂಡ್. ನನ್ನ ಧ್ವನಿ ನನಗೇ ಬೇರೆಯವರದಾಗಿ ಕೇಳಿತು. ಹಿಂತಿರುಗಿದರೆ ಬಾಗಿಲಲ್ಲಿ ಮಗು, ಪಾಟಿಚೀಲ ಹೆಗಲಿಗೆ ಹಾಕಿಕೊಂಡು. ಶಾಲೆ ಬೇಗ ಬಿಟ್ಟಿತ್ತು. ನನ್ನನ್ನೇ ನೋಡಿ, "ಅವ್ವಗ ಇಂಗ್ಲಿಷ್ ತಿಳೀತೈತೇನು ಚಿಗವ್ವ?" ಎಂದು ಕೇಳಿದಳು. ಸ್ವಲ್ಪ ಸ್ವಲ್ಪ ತಿಳಿಯುತ್ತದೆ ಎಂದೆ. ಆ ಮೇಲಿಂದ ಹೆಚ್ಚು ಕಡಿಮೆ ದಿನವೂ ಮಾತಾಡಿದೆ.

ಅತ್ತೆ ಸೋಮವಾರಕ್ಕೊಮ್ಮೆ ಮುಖವನ್ನು ವಿಭೂತಿಯಿಂದ ತಿಕ್ಕುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ಯಾರೂ ಹೇಳದೆ ನನ್ನ ಕೈಗೆ ಬಂತು. ಬೂದಿ ಬೆಳ್ಳಿಗೆ ಏನು ಮಾಡುತ್ತದೆ ಎಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಆದರೂ ತಿಕ್ಕಿದೆ. ಕಂಪ್ಲಿಯ ರೈಸ್ ಮಿಲ್ಲಿನವರ ಮನೆಗೆ ಸೊಸೆಯಾಗಿ ಹೋಗಿದ್ದ ಮಗಳು ಅಮಾವಾಸ್ಯೆಗೆ ಬಂದಾಗ ತಾಯಿಯ ಮುಖ ಕಪ್ಪಾಗಿದ್ದರೆ ನೊಂದುಕೊಂಡಾಳು ಎಂಬುದೊಂದು ನೆವ. ಮೊದಲು ಅಕ್ಷರಗಳು ಹೋದವು. ರಾಣಿಗೆ ಹೆಸರಿಲ್ಲದಾಯಿತು. ನಮ್ಮ ಮನೆಯಲ್ಲಿ ಹಿರೇಕಿಯ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ, ಆ ಮಟ್ಟಿಗೆ ಇಬ್ಬರೂ ಸರಿಹೋದರು. ಆಮೇಲೆ ಮೂಗಿನ ಚೂಪು ಮೆತ್ತಗಾಯಿತು, ಗಲ್ಲ ತುಂಬಿಕೊಂಡಿತು, ಕೂದಲಿನ ಅಲೆಗಳು ಒಂದೊಂದಾಗಿ ಮಾಸಿದವು.

ನನ್ನ ಗಂಡ ತೀರಿಕೊಂಡ ವರ್ಷ ಒಂದು ಸೋಮವಾರ ನಾಣ್ಯ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿದು ಲೆನ್ಸಿನಲ್ಲಿ ನೋಡಿದೆ. ಕೂದಲು ಸವೆದ ಜಾಗದಲ್ಲಿ ಒಂದು ಕಿವಿ ಇತ್ತು. ಸಣ್ಣದು, ಸ್ಪಷ್ಟವಾದದ್ದು, ಒಳಗಿನ ಮಡಿಕೆಯ ಸಮೇತ. ಕೂದಲಿನ ಕೆಳಗಿನ ಅಲೆ ಚಪ್ಪಟೆಯಾಗಿ ಹಾಗೆ ಕಾಣುತ್ತಿದೆ ಎಂದು ಒಂದು ಗಂಟೆ ನನ್ನೊಡನೆ ನಾನೇ ವಾದಿಸಿದೆ. ಲಕೋಟೆ ತೆಗೆದು ಕಿವಿಯ ಸಾಲು ಮಾತ್ರ ಹುಡುಕಿ ನೋಡಿದೆ. ಇಪ್ಪತ್ತೇಳರ ನನ್ನ ಗುಂಡಗಿನ ಅಕ್ಷರದಲ್ಲಿ ಬರೆದಿತ್ತು, ಇಯರ್ ಕವರ್ಡ್. ಅಂದು ಮಧ್ಯಾಹ್ನ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದು ಮಾತೂ ಆಡಲಿಲ್ಲ ನಾನು. ಇಷ್ಟು ವರ್ಷ ಕೇಳಿಸಲಿಲ್ಲ ಎಂಬ ಧೈರ್ಯದಲ್ಲಿ ಏನೇನು ಹೇಳಿಕೊಂಡಿದ್ದೆನೋ ನೆನೆಸಿಕೊಳ್ಳುತ್ತ ಕೂತಿದ್ದೆ.

ಈ ವರ್ಷ ಅಮಾವಾಸ್ಯೆ ಕಳೆದು ನಾಲ್ಕನೆಯ ದಿನ ಮಗಳು ಬಂದಳು. ಡೈನಿಂಗ್ ಟೇಬಲ್ಲಿನ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ ಲಕೋಟೆಗಳನ್ನು ಸಾಲಾಗಿ ಇಟ್ಟಿದ್ದೆ. ಊಟವಾದ ಮೇಲೆ ಅವಳು ಜಗುಲಿಯಿಂದ ಮುಖ ಬಿಚ್ಚಿ ತಂದು, ಸೆರಗಿನಿಂದ ಒರೆಸಿ, ನನ್ನೆದುರು ಕೂತಳು. ಹೊರಗೆ ಬೆಳಕು ಎಷ್ಟಿತ್ತೆಂದರೆ ಅಂಗಳದ ತಂತಿಯ ಮೇಲೆ ಒಣಗಿದ ಬಟ್ಟೆ ಉರಿಯುವಂತೆ ಕಾಣುತ್ತಿತ್ತು. ಈಗ ಹೇಳದಿದ್ದರೆ ಇನ್ನು ಹೇಳಲಾರೆ ಅನ್ನಿಸಿತು. ಹದಿನೇಳನೆಯ ಲಕೋಟೆಯನ್ನು ಅವಳ ಮುಂದೆ ಸರಿಸಿದೆ.

ಪೆನ್ಸಿಲ್ ತೀಡಿದ ಮುಖವನ್ನು ಅವಳು ನೋಡಿದಳು. ನಾಣ್ಯವನ್ನು ಪಕ್ಕಕ್ಕೆ ಹಿಡಿದಳು. ಅವಳ ಮುಖ ಅರಳಿತು. "ಇದು ಯಾವಾಗ ಬರ್ಕೊಂಡಿದ್ದಿ? ಅವ್ವ ಎಷ್ಟು ಸಣ್ಣಾಕಿ ಕಾಣ್ತಾಳ ಇದರಾಗ. ಈಗ ನೋಡು, ನನ್ನಂಗ ವಯಸ್ಸಾಗೈತಿ ಆಕಿಗೆ."

ನಾನು ಹೇಳಿದೆ. ನಿಧಾನವಾಗಿ, ಕ್ಲಾಸಿನಲ್ಲಿ ಹೇಳಿಕೊಡುವ ಹಾಗೆ. ಇದು ಪತ್ತಾರರಿಂದ ಮಾಡಿಸಿದ್ದಲ್ಲ, ಸಂಡೂರಿನ ಬೆಳ್ಳಿ ಅಂಗಡಿಯಲ್ಲಿ ಮದುವೆಗೆ ಎರಡು ವರ್ಷ ಮುಂಚೆ ಕೊಂಡದ್ದು, ಸಿರಿಯಾದ್ದು, ಇವಳು ಒಬ್ಬ ರಾಣಿ, ಈ ಅಕ್ಷರಗಳು ಅವಳ ಹೆಸರು. ನಿಮ್ಮಜ್ಜಿ ತಪ್ಪು ತಿಳಿದರು, ನಾನು ಸುಮ್ಮನಿದ್ದೆ. ಹೇಳುವಾಗ ಅವಳು ಬಲಗಿವಿ ನನ್ನ ಕಡೆ ತಿರುಗಿಸಿ, ಕಿಟಕಿಯ ಬೆಳಕಿನಲ್ಲಿ ಪಕ್ಕನೋಟವಾಗಿ ಕೂತಿದ್ದಳು. ತುರುಬು, ಮೆತ್ತಗಿನ ಮೂಗು, ತುಂಬಿದ ಗಲ್ಲ. ನನ್ನ ಮಾತು ನಡುವೆ ಒಮ್ಮೆ ತಪ್ಪಿತು. ಯಾರಿಗೆ ಹೇಳುತ್ತಿದ್ದೇನೆ ಎಂದು ಗೊತ್ತಾಗದೆ ಹೋಯಿತು.

ಅವಳು ನಾಣ್ಯವನ್ನು ಬೆಡ್‌ಶೀಟಿನ ಮೇಲೆ ಬೋರಲು ಇಟ್ಟಳು. ಐದು ವರ್ಷದವಳಿದ್ದಾಗಿನಿಂದ ಅವಳು ಅದನ್ನು ಹಾಗೆ ಇಟ್ಟದ್ದನ್ನು ನಾನು ನೋಡಿರಲಿಲ್ಲ.

"ಹಂಗಾರ ನಮ್ಮವ್ವನ ಮುಖ ಎಲ್ಲೈತಿ?" ಎಂದಳು.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಹದ್ದನ್ನು ನೋಡುತ್ತ ಕೂತಳು. ನಾನು ಮಾಡಿದ್ದು ಏನೆಂದು ಆಗ ತಿಳಿಯಿತು. ನಿಜ ಹೇಳುವುದೆಂದರೆ ನನ್ನ ಎದೆಯ ಭಾರ ಇಳಿಸುವುದು ಎಂದುಕೊಂಡಿದ್ದೆ, ಅದನ್ನು ಯಾರ ಎದೆಯ ಮೇಲೆ ಇಳಿಸುತ್ತೇನೆ ಎಂದು ಯೋಚಿಸಿರಲಿಲ್ಲ.

ಆಮೇಲೆ, ಏನಾದರೂ ಮಾಡಬೇಕೆಂದು, ಅವಳು ಲಕೋಟೆಯನ್ನು ಕಣ್ಣ ಹತ್ತಿರ ಹಿಡಿದು ಇದರ ಮೇಲೆ ಏನು ಬರೆದಿದೆ, ಓದು ಎಂದಳು. ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಅವಳು ಒಂದೊಂದಾಗಿ ಹೇಳಿದಳು, ನಾನು ಕೂಡಿಸಿ ಅರ್ಥ ಹೇಳಿದೆ. ಮೊದಲ ಸಾಲು ದೋಷ, ಸಿಸ್ಟರ್ ಕಲಿಸಿದ ಪ್ರಕಾರ. ನಾಣ್ಯದ ನೆತ್ತಿಯಲ್ಲಿ ಹಳೆಯ ಬೆಸುಗೆಯ ಗುರುತಿದೆ. ಹಿಂದೊಮ್ಮೆ ಯಾರೋ ಕೊಂಡಿ ಹಾಕಿಸಿ ಧರಿಸಿದ್ದಾರೆ, ಆಮೇಲೆ ಕಿತ್ತಿದ್ದಾರೆ. ನಾನೇ ಬರೆದದ್ದು, ನಾನೇ ಮರೆತಿದ್ದೆ. ಎರಡನೆಯ ಸಾಲು, ಕಿವಿ ಮುಚ್ಚಿದೆ. ಮೂರನೆಯದು, ಚೋರನೂರಿನದು ಎನ್ನುತ್ತಾರೆ.

ಅವಳು ತಲೆ ಎತ್ತಿದಳು. ಡೌಟ್‌ಫುಲ್ ಎಂಬ ಶಬ್ದಕ್ಕೆ ಅವಳು ಅರ್ಥ ಕೇಳಲೇ ಇಲ್ಲ.

ಚೋರನೂರಿನ ಅಮ್ಮಮ್ಮ ಹೇಳುತ್ತಿದ್ದರಂತೆ. ಅವಳ ತಾಯಿ ಹುಡುಗಿಯಾಗಿದ್ದಾಗ ಕೊರಳಲ್ಲಿ ಒಂದು ದೊಡ್ಡ ಬೆಳ್ಳಿ ರೊಕ್ಕ ಕಟ್ಟಿಕೊಂಡಿದ್ದಳು. ಹೊಲ ಹರಗುವಾಗ ಕುಂಟೆಗೆ ತಾಗಿ ಮಣ್ಣಿನಲ್ಲಿ ಸಿಕ್ಕಿದ್ದು. ಕಿವಿ ಸೋರುತ್ತಿದ್ದ ಮಗುವಿಗೆ ಒಳ್ಳೆಯದಾಗಲಿ ಎಂದು ಕಟ್ಟಿದ್ದರು. ಮದುವೆಯಾಗಿ ಬರುವಾಗಲೂ ಕೊರಳಲ್ಲಿತ್ತು. ಸತ್ತ ಮೇಲೆ 'ಆಕಿ ಬೆಳ್ಳಿ ಮನ್ಯಾಗ ಬ್ಯಾಡ' ಎಂದು ಕಾಲುಂಗುರದ ಜೊತೆ ಸಂಡೂರಿಗೆ ಒಯ್ದು ಕೊಟ್ಟುಬಂದರು, ಕೊಂಡಿಯನ್ನು ಕಿತ್ತು ಒಲೆಗೆ ಹಾಕಿದರು. ಮಗಳು ಅದನ್ನು ಯಾವುದೋ ರೂಪಾಯಿ ಎಂದುಕೊಂಡಿದ್ದಳು. ನಾನು ಸಂಡೂರು ಎಂಬ ಹೆಸರನ್ನು ಆ ದಿನದವರೆಗೆ ಅವಳೆದುರು ಎತ್ತಿರಲಿಲ್ಲ.

ಆಕಿದು ಆಕಿಗೆ ಬಂತು. ಕಣಕ ನಾದುತ್ತಿದ್ದ ಅತ್ತೆಯ ಕೈ ಕಣ್ಣ ಮುಂದೆ ಬಂತು. ಸೊಸೆಯ ಕೊರಳಲ್ಲಿ ನಾಲ್ಕೈದು ವರ್ಷ ಕಂಡ ಬಿಲ್ಲೆಯನ್ನು ಅವರು ಗುರುತಿಸಿದ್ದರೋ, ಬರೀ ತುರುಬು ನೋಡಿ ಹಾಗೆಂದರೋ. ಕೇಳಲು ಈಗ ಯಾರೂ ಇಲ್ಲ. ತಪ್ಪು ತಿಳಿದವರು ಅವರೆಂದು ನಲವತ್ತಾರು ವರ್ಷ ನಂಬಿಕೊಂಡು ಬಂದವಳು ನಾನು.

ಇದು ಅದೇ ನಾಣ್ಯ ಎಂಬುದಕ್ಕೆ ಬೆಸುಗೆಯ ಗುರುತು ಬಿಟ್ಟರೆ ಪ್ರೂಫ್ ಇಲ್ಲ ಎಂದೆ, ಅಭ್ಯಾಸ ಬಲದಿಂದ. ಅವಳಿಗೆ ಪ್ರೂಫ್ ಬೇಕಿರಲಿಲ್ಲ. ನಾಣ್ಯವನ್ನು ಮೆಲ್ಲಗೆ ಮಗುಚಿ ಮುಖ ಮೇಲೆ ಮಾಡಿದಳು.

"ಮುಖ ಆಕಿದಲ್ಲಂದ್ರ ಅಲ್ಲ ಬಿಡು," ಎಂದಳು. "ಆಕಿ ಕೊಳ್ಳಾಗ ಇತ್ತಲ್ಲ. ಇಷ್ಟು ದಿನ ನೋಡ್ಕೋತ ಕುಂತಿದ್ದೆ. ಇನ್ನ ಮುಟ್ಕೋತ ಇರ್ತೀನಿ."

ಕರಿದಾರವನ್ನು ತನ್ನ ಕೊರಳಿಗೆ ಕಟ್ಟಿಕೊಂಡು ಬಿಲ್ಲೆಯನ್ನು ಕುಪ್ಪಸದೊಳಗೆ ಬಿಟ್ಟಳು. ಸಂಜೆಯ ಬಸ್ಸಿಗೆ ಹೊರಟಾಗ ಬಾಗಿಲಲ್ಲಿ ನಿಂತು ನನಗೆ ಏನೋ ಹೇಳಿದಳು, ಕೇಳಿಸಲಿಲ್ಲ, ಏನು ಎಂದೆ. ಅವಳು ನನ್ನನ್ನೇ ನೋಡುತ್ತ ನಿಂತಳು.

"ನೀನೂ ಹಂಗ ಹೊಳ್ಳಿ ಕೇಳಾಕ ಹತ್ತೀದಿ, ಚಿಗವ್ವ."

ಎಡಗಿವಿ ಒಂದು ವರ್ಷದಿಂದ ಮಂದವಾಗಿದೆ. ಡಾಕ್ಟರು ಏಜ್ ಎನ್ನುತ್ತಾರೆ. ಇರಬಹುದು.

ಅವಳು ಹೋದ ಮೇಲೆ ಹದಿನೇಳನೆಯ ಲಕೋಟೆಯನ್ನು ಮುಂದೆ ಎಳೆದುಕೊಂಡೆ. ಡೌಟ್‌ಫುಲ್ ಎಂಬುದನ್ನು ಹೊಡೆದುಹಾಕಲಿಲ್ಲ, ಅದು ನನ್ನ ದೋಷ, ಇರಲಿ. ಅದರ ಕೆಳಗೆ, ಹಿಂದಿನ ಒಡೆಯರು ಎಂದು ಬರೆಯುವ ಜಾಗ ಖಾಲಿ ಇತ್ತು. ಅಲ್ಲಿ ಕನ್ನಡದಲ್ಲಿ, ಕಣ್ಣಿಗೆ ಕಾಣದಿದ್ದರೂ ಕೈ ಅಂದಾಜಿನಿಂದ, ಹಿರೇಕಿಯ ಹೆಸರು ಬರೆದೆ. ನಾನು ಆ ಹೆಸರು ಬರೆದದ್ದು ಅದೇ ಮೊದಲು. ಲಕೋಟೆ ಖಾಲಿಯಾಗಿಯೇ, ಉಳಿದವುಗಳ ಜೊತೆ, ಮ್ಯೂಸಿಯಮ್ಮಿಗೆ ಹೋಗುತ್ತದೆ.

ಜಗುಲಿಯ ಪಕ್ಕದ ಮೊಳೆ ಕೀಳಿಸಿಲ್ಲ. ಮಗಳು ಅಮಾವಾಸ್ಯೆಗೆಂದು ತಂದ ಬೂದುಬಣ್ಣದ ಸೀರೆಯನ್ನು ನಿನ್ನೆ ಮಧ್ಯಾಹ್ನ ಉಟ್ಟೆ. ಮೊಳೆಯ ಮುಂದೆ ಹಾಯುವಾಗ ಕಾಲು ನಿಂತಿತು. ಉಟ್ಟುಕೊಳ್ಳಲೇನವ್ವಾ ಎಂದು ಈ ಸಲ ಕನ್ನಡದಲ್ಲೇ ಕೇಳಿದೆ. ಕೇಳಿ, ಬಲಗಿವಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಎಷ್ಟೋ ಹೊತ್ತು ಹಾಗೇ ನಿಂತಿದ್ದೆ.